ಎಕ್ಸ್‌ಪ್ಲೋರರ್‌ನ 8.8 ಹಿಂದಿನ ಆಕ್ಸಲ್: ಹಲ್ಲು ಎಣಿಸಿ ಕೊಳ್ಳಬೇಕಾದ ವಸ್ತು

1995ರ ನನ್ನ ಜೀಪ್ ಚೆರೋಕಿಯ ಹಿಂಬದಿಯಲ್ಲಿದ್ದ ಡಾನಾ 35 ಆಕ್ಸಲನ್ನು ಕಳಚಿ, ಅದರ ಜಾಗಕ್ಕೆ ಹಳೆಯ ಫೋರ್ಡ್ ಎಕ್ಸ್‌ಪ್ಲೋರರ್ ಒಂದರಿಂದ ಬಿಚ್ಚಿ ತಂದ 8.8 ಅಂಗುಲದ ಆಕ್ಸಲನ್ನು ಕೂಡಿಸಿ ಈಗ ಒಂದು ವರ್ಷ ದಾಟಿದೆ. ಈ ಒಂದು ವರ್ಷದಲ್ಲಿ ಮರಳು, ಕೆಸರು, ಕಲ್ಲುದಾರಿ, ಹೆದ್ದಾರಿ ಎಲ್ಲದರ ಮೇಲೂ ಅದನ್ನು ಓಡಿಸಿದ್ದೇನೆ. ಆಕ್ಸಲ್ ಒಳ್ಳೆಯದು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಇದನ್ನು ಕೊಳ್ಳಲು ಹೊರಟವರಿಗೆ ಮಾರುವವರೂ ಹೇಳದ, ಕೊಳ್ಳುವವರೂ ಕೇಳದ ಒಂದು ಸಂಗತಿಯಿದೆ: ಅದು ಆಕ್ಸಲಿನೊಳಗಿನ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರವಾದ ಪಿನಿಯನ್‌ಗಳ ಹಲ್ಲುಗಳ ಲೆಕ್ಕ, ಅಂದರೆ ಕ್ರೌನ್ ವೀಲಿನ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತು ಬರುತ್ತದೆಂದು ಹೇಳುವ ಗೇರ್ ಅನುಪಾತ. ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಹಿಂದಿನ ಆಕ್ಸಲ್ ಎಷ್ಟೇ ಗಟ್ಟಿಯಾಗಿರಲಿ, ಅದರ ಅನುಪಾತ ಮುಂದಿನ ಆಕ್ಸಲಿನದಕ್ಕೆ ಹೊಂದದಿದ್ದರೆ ಆ ಗಟ್ಟಿತನವೇ ಉಳಿದ ಭಾಗಗಳಿಗೆ ಕುತ್ತಾಗುತ್ತದೆ. ಆದ್ದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗವನ್ನು ನಾನು ಆ ವಿಷಯಕ್ಕೇ ಮೀಸಲಿಡುತ್ತೇನೆ.

ಮೊದಲು ವಸ್ತುವಿನ ಪರಿಚಯ. 1995ರಿಂದ 2001ರವರೆಗಿನ ಎಕ್ಸ್‌ಪ್ಲೋರರ್‌ಗಳಲ್ಲಿ ಬಂದ ಈ ಆಕ್ಸಲಿಗೆ ಕಾರ್ಖಾನೆಯಿಂದಲೇ ಡಿಸ್ಕ್ ಬ್ರೇಕ್ ಇರುತ್ತದೆ. 2002ರಿಂದ ಆ ವಾಹನಕ್ಕೆ ಸ್ವತಂತ್ರ ಹಿಂಬದಿ ಸಸ್ಪೆನ್ಷನ್ ಬಂದದ್ದರಿಂದ ಇಡೀ ತುಂಡಿನ ಈ ಆಕ್ಸಲ್ ಅಲ್ಲಿಗೆ ನಿಂತುಹೋಯಿತು. ಚಕ್ರಗಳಿಗೆ ಹೋಗುವ ಶಾಫ್ಟುಗಳಿಗೆ 31 ಸ್ಪ್ಲೈನ್, ಅಂದರೆ ತುದಿಯಲ್ಲಿ ಕೊರೆದ ಉದ್ದುದ್ದ ಹಲ್ಲುಗಳು. ಡಾನಾ 35ಕ್ಕೆ ಇರುವುದು 27. ಕ್ರೌನ್ ವೀಲಿನ ವ್ಯಾಸ ಹೆಸರೇ ಹೇಳುವಂತೆ 8.8 ಅಂಗುಲ, ಹಳೆಯದರದು ಏಳೂವರೆ ಅಂಗುಲಕ್ಕಿಂತ ತುಸು ಹೆಚ್ಚು. ಹೊರಕವಚವಾದ ಹೌಸಿಂಗಿನ ಕೊಳವೆಗಳ ಹೊರವ್ಯಾಸ 3.25 ಅಂಗುಲ. ಎಲ್ಲಕ್ಕಿಂತ ಅನುಕೂಲದ ಮಾತೆಂದರೆ ಚಕ್ರದ ಐದು ಬೋಲ್ಟುಗಳು ಕೂರುವ ವೃತ್ತ 4.5 ಅಂಗುಲವೇ, ಅಂದರೆ 114.3 ಮಿಲಿಮೀಟರ್, ಚೆರೋಕಿಯದೂ ಅದೇ ಅಳತೆ. ಆದ್ದರಿಂದ ಚಕ್ರಗಳನ್ನು ಬದಲಾಯಿಸುವ ಅಗತ್ಯ ಬೀಳಲಿಲ್ಲ. ಕಾಗದದ ಮೇಲೆ ಇಷ್ಟನ್ನು ಓದಿದ ಯಾರಿಗಾದರೂ ಇದು ಈ ಜೀಪಿಗೆಂದೇ ಮಾಡಿದ ಆಕ್ಸಲ್ ಎನಿಸಬಹುದು. ನನಗೂ ಹಾಗೆಯೇ ಅನಿಸಿತ್ತು.

ನನಗೆ ಬೇಕಿದ್ದದ್ದು 3.55 ಅನುಪಾತದ ಆಕ್ಸಲ್. ನನ್ನ ವಾಹನದಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವುದರಿಂದ ಅದಕ್ಕೆ ಮುಂದೆಯೂ ಹಿಂದೆಯೂ 3.55 ಹಾಕಿಯೇ ಕಳಿಸಿದ್ದರು. ಎಕ್ಸ್‌ಪ್ಲೋರರ್‌ನ ಆಕ್ಸಲ್ 3.27, 3.55, 3.73, 4.10 ಎಂಬ ಅನುಪಾತಗಳಲ್ಲಿ ಸಿಗುತ್ತದೆ. ಹಳೆಯ ಬಿಡಿಭಾಗಗಳ ಮಾರಾಟಗಾರರೊಬ್ಬರ ಬಳಿ ಸಿಕ್ಕ ಆಕ್ಸಲಿನ ಹೌಸಿಂಗ್ ಮೇಲೆ ಬಿಳಿ ಬಣ್ಣದಲ್ಲಿ 3.55 ಎಂದು ದೊಡ್ಡದಾಗಿ ಬರೆದಿತ್ತು. ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನ ಮುಚ್ಚಳದ ಬೋಲ್ಟೊಂದಕ್ಕೆ ಸಿಕ್ಕಿಸಿರುವ ಚಿಕ್ಕ ಲೋಹದ ಪಟ್ಟಿಯನ್ನು ಹುಡುಕಿದೆ, ಅದು ಇರಲಿಲ್ಲ. ಅನುಪಾತವನ್ನು ಕಾರ್ಖಾನೆಯವರು ಒತ್ತಿರುವುದು ಆ ಪಟ್ಟಿಯಲ್ಲೇ. ಅಂಕಿಗಳ ನಡುವೆ ಎಲ್ ಎಂಬ ಅಕ್ಷರವಿದ್ದರೆ, ಉದಾಹರಣೆಗೆ 3ಎಲ್73 ಎಂದಿದ್ದರೆ, ಅದು ಒಂದೇ ಚಕ್ರ ಬರಿದೇ ಸುತ್ತುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ 3.73ರ ಆಕ್ಸಲ್, ಅಕ್ಷರವಿಲ್ಲದಿದ್ದರೆ ಸಾಮಾನ್ಯ ಡಿಫರೆನ್ಷಿಯಲ್. ಪಟ್ಟಿ ಇಲ್ಲದ ಆಕ್ಸಲಿನ ಅನುಪಾತವನ್ನು ಯಾರ ಬಾಯಿಮಾತಿನ ಮೇಲೂ ನಂಬಬಾರದು. ಅಷ್ಟೇಕೆ, ಪಟ್ಟಿ ಇದ್ದರೂ ನಂಬುವ ಮುನ್ನ ಎಣಿಸುವುದು ಮೇಲು. ಇಷ್ಟು ವರ್ಷಗಳಲ್ಲಿ ಯಾರಾದರೂ ಒಳಗಿನ ಗೇರುಗಳನ್ನು ಬದಲಾಯಿಸಿ ಹಳೆಯ ಪಟ್ಟಿಯನ್ನೇ ಮತ್ತೆ ಸಿಕ್ಕಿಸಿರಬಹುದು.

ಎಣಿಸುವ ಕ್ರಮ ಸರಳವಾದರೂ ಅದರಲ್ಲಿ ತಪ್ಪಲು ಎರಡು ಜಾಗಗಳಿವೆ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಎರಡೂ ಬದಿಯನ್ನು ಬಿಡಿಯಾಗಿ ಬಿಟ್ಟು ಒಂದನ್ನು ತಿರುಗಿಸಿದರೆ ಇನ್ನೊಂದು ಹಿಮ್ಮುಖವಾಗಿ ತಿರುಗುತ್ತದೆ, ಪಿನಿಯನ್ ಅಲುಗುವುದೇ ಇಲ್ಲ. ಒಂದು ಬದಿಯನ್ನು ಕದಲದಂತೆ ಹಿಡಿದು ಇನ್ನೊಂದನ್ನು ತಿರುಗಿಸಿದರೆ, ಚಕ್ರದ ಎರಡು ಸುತ್ತಿಗೆ ಕ್ರೌನ್ ವೀಲ್ ಒಂದು ಸುತ್ತು ಬರುತ್ತದೆ. ಈ ಎರಡರ ಲೆಕ್ಕವನ್ನು ಮರೆತು, ಅನುಪಾತ ಅರ್ಧಕ್ಕೆ ಇಳಿಯಿತೆಂದು ಗಾಬರಿಯಾದವರನ್ನು ಕಂಡಿದ್ದೇನೆ. ಎರಡನೆಯ ತಪ್ಪು ಅವಸರದ್ದು. ಚಕ್ರವನ್ನು ಎರಡೇ ಸುತ್ತು ತಿರುಗಿಸಿ ಪಿನಿಯನ್ ಮೂರೂವರೆ ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿತು ಎಂದು ಬರೆದುಕೊಂಡರೆ, ಅದು 3.55ವೂ ಆಗಬಹುದು, 3.73ವೂ ಆಗಬಹುದು, ಕಣ್ಣಳತೆಗೆ ಆ ವ್ಯತ್ಯಾಸ ಸಿಗದು. ಅದಕ್ಕೇ ಒಂದು ಬದಿಯನ್ನು ಹಿಡಿದೇ ಇನ್ನೊಂದನ್ನು ಇಪ್ಪತ್ತು ಸುತ್ತು ತಿರುಗಿಸಬೇಕು. ಆಗ 3.55ರ ಆಕ್ಸಲಿನಲ್ಲಿ ಪಿನಿಯನ್ ಮೂವತ್ತೈದೂವರೆ ಸುತ್ತು ಬಂದರೆ 3.73ರದರಲ್ಲಿ ಮೂವತ್ತೇಳೂಕಾಲು ಸುತ್ತು ಬರುತ್ತದೆ. ನಾನು ಸೀಮೆಸುಣ್ಣದಿಂದ ಗುರುತು ಹಾಕಿ ಎಣಿಸಿದಾಗ ಬಂದದ್ದು ಮೂವತ್ತೇಳೂಕಾಲು.

ಮುಚ್ಚಳ ತೆಗೆಸಿದೆ. ಕ್ರೌನ್ ವೀಲಿನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 11. ಕ್ರೌನ್ ವೀಲಿನ ಅಂಚಿನಲ್ಲಿ ಅವೇ ಎರಡು ಸಂಖ್ಯೆಗಳನ್ನು ಕೊರೆದೂ ಇತ್ತು. 41ನ್ನು 11ರಿಂದ ಭಾಗಿಸಿದರೆ 3.727. ನನ್ನ ಮುಂದಿನ ಆಕ್ಸಲಿನಲ್ಲಿರುವುದು 39 ಮತ್ತು 11, ಅಂದರೆ 3.545. ಮಾರಾಟಗಾರರು ತಮ್ಮ ತಪ್ಪನ್ನು ಒಪ್ಪಿಕೊಂಡರಾದರೂ, ಎರಡೇ ಹಲ್ಲಿನ ವ್ಯತ್ಯಾಸವಲ್ಲವೇ, ಟೈರು ಅದನ್ನು ನುಂಗಿಕೊಳ್ಳುತ್ತದೆ ಎಂದರು. ಈ ಮಾತು ಅವರೊಬ್ಬರದಲ್ಲ; ಇದನ್ನು ಬೇರೆ ಬೇರೆ ಬಾಯಿಗಳಿಂದ ಕೇಳಿದ್ದೇನೆ. ಅದು ಏಕೆ ಸುಳ್ಳೆಂಬುದನ್ನು ಅಂಕಿಗಳಲ್ಲೇ ಹೇಳುತ್ತೇನೆ.

ಎಂಜಿನ್ನಿನ ಶಕ್ತಿಯನ್ನು ಎರಡೂ ಆಕ್ಸಲುಗಳಿಗೆ ಹಂಚುವ ನನ್ನ ವಾಹನದ ಎನ್‌ಪಿ231 ಟ್ರಾನ್ಸ್‌ಫರ್ ಕೇಸಿನಲ್ಲಿ, ಆ ಆಕ್ಸಲುಗಳಿಗೆ ಹೋಗುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಲಿವರನ್ನು ನಾಲ್ಕು ಚಕ್ರಕ್ಕೆ ಎಳೆದ ಕ್ಷಣದಿಂದ ಎರಡೂ ಶಾಫ್ಟುಗಳು ಒಂದಕ್ಕೊಂದು ಬೆಸೆದಂತೆ ಒಂದೇ ವೇಗದಲ್ಲಿ ತಿರುಗುತ್ತವೆ. 31 ಅಂಗುಲದ ಟೈರಿನ ಒಂದು ಉರುಳಿಗೆ ವಾಹನ ಸುಮಾರು 2.4 ಮೀಟರ್ ಸಾಗುತ್ತದೆ ಎಂದಿಟ್ಟುಕೊಂಡರೆ, 100 ಮೀಟರ್ ದಾರಿಗೆ ಪ್ರತಿ ಚಕ್ರ 42 ಸುತ್ತಿಗೆ ತುಸು ಕಡಿಮೆ ಉರುಳಬೇಕು. ಅದಕ್ಕೆ ಮುಂದಿನ ಶಾಫ್ಟು ಸುಮಾರು 148 ಸುತ್ತು ಬಯಸುತ್ತದೆ, ಹಿಂದಿನದು ಸುಮಾರು 155 ಸುತ್ತು ಬಯಸುತ್ತದೆ. ಎರಡಕ್ಕೂ ಸಿಗುವುದು ಒಂದೇ ಲೆಕ್ಕದ ಸುತ್ತು. ನೂರು ಮೀಟರಿಗೆ ಏಳೂವರೆ ಸುತ್ತಿನಷ್ಟು ಈ ಜಗಳ ಎಲ್ಲಾದರೂ ಬಗೆಹರಿಯಲೇಬೇಕು, ಇಲ್ಲವೇ ಎಲ್ಲಾದರೂ ಮುರಿಯಲೇಬೇಕು. ಸಡಿಲ ಮರಳಿನಲ್ಲಿ ಟೈರುಗಳು ನೂರು ಮೀಟರಿಗೆ ಐದು ಮೀಟರಿನಷ್ಟು ಜಾರಿ ಅದನ್ನು ಬಗೆಹರಿಸುತ್ತವೆ. ಗಟ್ಟಿ ನೆಲದಲ್ಲಿ ಟೈರು ಜಾರದು. ಆಗ ಶಾಫ್ಟುಗಳು ಹಗ್ಗ ಹುರಿಗೊಂಡಂತೆ ಹುರಿಗೊಳ್ಳುತ್ತ ಹೋಗಿ, ಆ ಒತ್ತಡ ಯೂನಿವರ್ಸಲ್ ಜಾಯಿಂಟು, ಟ್ರಾನ್ಸ್‌ಫರ್ ಕೇಸಿನ ಸರಪಳಿ, ಡಿಫರೆನ್ಷಿಯಲಿನ ಹಲ್ಲು ಇವುಗಳಲ್ಲಿ ಯಾವುದು ದುರ್ಬಲವೋ ಅದರ ಮೇಲೆ ಬೀಳುತ್ತದೆ. ಹಿಂದೆ 3.73, ಮುಂದೆ 3.55 ಇದ್ದಾಗ ಮುಂದಿನ ಚಕ್ರಗಳು ವೇಗವಾಗಿ ತಿರುಗಲು ನೋಡುತ್ತವೆ, ಹಿಂದಿನವು ಜಗ್ಗಿ ಹಿಡಿಯುತ್ತವೆ. ಹೀಗಾಗಿ ಭಾರವೆಲ್ಲ ಮೊದಲೇ ಸಣ್ಣದಾದ ಮುಂದಿನ ಆಕ್ಸಲಿನ ತಲೆಗೆ ಬರುತ್ತದೆ. ಹಿಂದೆ ಗಟ್ಟಿ ಆಕ್ಸಲ್ ಹಾಕಿದ್ದರ ಉದ್ದೇಶವೇ ಇಲ್ಲಿ ತಲೆಕೆಳಗಾಗುತ್ತದೆ.

ಈ ಐದು ಶೇಕಡಾ ಎಷ್ಟು ದೊಡ್ಡದು ಎಂಬುದನ್ನು ಇನ್ನೊಂದು ರೀತಿಯಲ್ಲೂ ನೋಡಬಹುದು. ಒಣ ಡಾಂಬರಿನ ಮೇಲೆ ನಾಲ್ಕು ಚಕ್ರ ಚಾಲನೆಯಲ್ಲಿ ತಿರುವು ತೆಗೆದುಕೊಳ್ಳಬಾರದು ಎಂಬುದು ಎಲ್ಲರಿಗೂ ಗೊತ್ತು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾಗುವುದೇ ಅದಕ್ಕೆ ಕಾರಣ. ಚೆರೋಕಿಯ ಎರಡು ಆಕ್ಸಲುಗಳ ನಡುವಿನ ದೂರ 101.4 ಅಂಗುಲ. ಈ ಲೆಕ್ಕದಲ್ಲಿ ಮುಂದಿನ ಚಕ್ರಗಳ ದಾರಿ ಹಿಂದಿನವುಗಳಿಗಿಂತ ಐದು ಶೇಕಡಾ ಹೆಚ್ಚಾಗಬೇಕಾದರೆ, ಹಿಂದಿನ ಆಕ್ಸಲ್ ಸುಮಾರು ಎಂಟು ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗಬೇಕು. ಅನುಪಾತ ಸರಿಯಿರುವ ವಾಹನ ಅಂಥ ಬಿಗಿಯಾದ ವೃತ್ತದಲ್ಲಿ ಸುತ್ತುವಾಗ ಎಷ್ಟು ಸೆಳೆತ ಅನುಭವಿಸುತ್ತದೆಯೋ, ಅಷ್ಟೇ ಸೆಳೆತವನ್ನು ಅನುಪಾತ ತಪ್ಪಿದ ವಾಹನ ನೇರ ದಾರಿಯಲ್ಲಿಯೂ ಬಿಡುವಿಲ್ಲದೆ ಅನುಭವಿಸುತ್ತದೆ. ಈ ಲೆಕ್ಕ ಹಾಕಿ ನೋಡಿದ ಮೇಲೆ ನನಗೆ ಟೈರು ನುಂಗಿಕೊಳ್ಳುತ್ತದೆ ಎಂಬ ಮಾತನ್ನು ಸಹಿಸಲು ಆಗುವುದಿಲ್ಲ.

ಎಲ್ಲ ವ್ಯತ್ಯಾಸವೂ ಅಪಾಯವಲ್ಲ ಎಂಬುದನ್ನೂ ಹೇಳಬೇಕು. ಡಾನಾ 44 ಆಕ್ಸಲಿನ 3.54ರಲ್ಲಿ 46 ಮತ್ತು 13 ಹಲ್ಲುಗಳಿವೆ, ನನ್ನ ಮುಂದಿನ ಆಕ್ಸಲಾದ ಡಾನಾ 30ರ 3.55ರಲ್ಲಿ 39 ಮತ್ತು 11; ಇವುಗಳ ನಡುವಿನ ಅಂತರ ಶೇಕಡಾ 0.2 ಮಾತ್ರ. ಅದನ್ನು ಟೈರು ನಿಜವಾಗಿಯೂ ನುಂಗಿಕೊಳ್ಳುತ್ತದೆ. ಎರಡು ಟೈರುಗಳ ಗಾಳಿಯ ಒತ್ತಡದಲ್ಲಿ, ಸವೆತದಲ್ಲಿ ಅದಕ್ಕಿಂತ ಹೆಚ್ಚು ಅಂತರ ದಿನವೂ ಇರುತ್ತದೆ. 31 ಅಂಗುಲದ ಟೈರಿನ ತ್ರಿಜ್ಯ 394 ಮಿಲಿಮೀಟರ್; ಹಿಂದೆ ಹೊಸ ಟೈರು, ಮುಂದೆ 8 ಮಿಲಿಮೀಟರ್ ಸವೆದ ಟೈರು ಹಾಕಿದರೆ ಅಳತೆಯ ಲೆಕ್ಕದಲ್ಲಿ ಅದೇ ಶೇಕಡಾ ಎರಡರಷ್ಟಾಗುತ್ತದೆ. ಗೇರಿನ ಬಗ್ಗೆ ಇಷ್ಟು ಕಾಳಜಿ ವಹಿಸಿ ಟೈರುಗಳನ್ನು ಮಾತ್ರ ಕೈಗೆ ಸಿಕ್ಕಂತೆ ಹಾಕುವವರು ಈ ಅಂಕಿಯನ್ನು ಗಮನಿಸಬೇಕು.

ಇನ್ನು ಈ ತಪ್ಪು ಬೆಳಕಿಗೆ ಬರುವ ಬಗೆಯೇ ಮೋಸದ್ದು. ಎರಡು ಚಕ್ರ ಚಾಲನೆಯಲ್ಲಿ ಮುಂದಿನ ಶಾಫ್ಟು ತನ್ನ ಪಾಡಿಗೆ ತಿರುಗಿಕೊಂಡಿರುತ್ತದೆ. ಅನುಪಾತ ತಪ್ಪಿದ್ದರೂ ಸ್ಪೀಡೊಮೀಟರ್ ಸ್ವಲ್ಪ ಆಚೀಚೆ ತೋರಿಸುವುದರ ಹೊರತು ಬೇರೆ ಸುಳಿವು ಸಿಗುವುದಿಲ್ಲ. ತಿಂಗಳುಗಟ್ಟಲೆ ವಾಹನ ಚೆನ್ನಾಗಿಯೇ ಓಡುತ್ತದೆ. ಜನವಸತಿಯಿಂದ ದೂರ, ಚಕ್ರ ಹೂತು ಹೋದ ಜಾಗದಲ್ಲಿ ಮೊದಲ ಬಾರಿಗೆ ಲಿವರ್ ಎಳೆದಾಗಲೇ ಅದು ಹೊರಬೀಳುತ್ತದೆ.

ನನ್ನ ಮುಂದೆ ಮೂರು ದಾರಿಗಳಿದ್ದವು. ಆಕ್ಸಲನ್ನು ಹಿಂದಿರುಗಿಸಿ 3.55ರದನ್ನೇ ಹುಡುಕುವುದು ಒಂದು. ಇದರೊಳಗಿನ ಕ್ರೌನ್ ಮತ್ತು ಪಿನಿಯನ್ ತೆಗೆದು 3.55ರ ಜೋಡಿ ಹಾಕಿಸುವುದು ಇನ್ನೊಂದು. ಮೂರನೆಯದು, ಹಿಂದಿನದನ್ನು ಹಾಗೆಯೇ ಬಿಟ್ಟು ಮುಂದಿನ ಡಾನಾ 30ನ್ನು 3.73ಕ್ಕೆ ತರುವುದು. ಖರ್ಚು ಮತ್ತು ಶ್ರಮ ಎರಡರಲ್ಲೂ ಮೊದಲನೆಯದೇ ಕಡಿಮೆ. ಕಾರ್ಖಾನೆಯ ಅಳತೆಯ ಟೈರನ್ನೇ ಉಳಿಸಿಕೊಳ್ಳುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ನಾನು ಆರಿಸಿಕೊಂಡದ್ದು ಮೂರನೆಯದನ್ನು, ಕಾರಣ ಟೈರು. ಕಾರ್ಖಾನೆಯ 225/75 ಆರ್15 ಟೈರಿನ ವ್ಯಾಸ 28.3 ಅಂಗುಲ. ಅದರ ಜಾಗದಲ್ಲಿ 31 ಅಂಗುಲದ್ದು ಹಾಕಿದಾಗ, ಎಂಜಿನ್ನಿಗೆ ಮೊದಲಿನ ಎಳೆತವೇ ಸಿಗಬೇಕಾದರೆ ಅನುಪಾತ 3.89 ಆಗಬೇಕು. ಹಾಗಿರುವ ಗೇರು ಸಿಗುವುದಿಲ್ಲ. ಅದರ ಕೆಳಗೆ 3.73, ಮೇಲೆ 4.10. ತಪ್ಪಾಗಿ ಬಂದ ಆಕ್ಸಲ್ ಲೆಕ್ಕಕ್ಕೆ ಹೆಚ್ಚು ಹತ್ತಿರವಾಗಿಯೇ ಇತ್ತು.

ಆದರೆ ಮುಂದಿನ ಆಕ್ಸಲಿನ ಕೆಲಸ ನಾನು ಎಣಿಸಿದ್ದಕ್ಕಿಂತ ದೊಡ್ಡದಾಯಿತು. ಡಾನಾ 30ರಲ್ಲಿ ಕ್ರೌನ್ ವೀಲ್ ಕೂರುವ ಕ್ಯಾರಿಯರ್ ಎರಡು ಬಗೆಯದು: 3.55 ಮತ್ತು ಅದಕ್ಕಿಂತ ಕೆಳಗಿನ ಅನುಪಾತಗಳಿಗೆ ಒಂದು, 3.73 ಮತ್ತು ಅದರ ಮೇಲಿನವುಗಳಿಗೆ ಇನ್ನೊಂದು. ನಾನು ದಾಟಬೇಕಿದ್ದ ಗೆರೆ ಸರಿಯಾಗಿ ಅದೇ. ಹೀಗಾಗಿ ಗೇರಿನ ಜೊತೆ ಕ್ಯಾರಿಯರನ್ನೂ ಬದಲಾಯಿಸಬೇಕಾಯಿತು. ಮೇಲಾಗಿ ನನ್ನ ಚೆರೋಕಿಯ ಮುಂದಿನ ಆಕ್ಸಲಿನಲ್ಲಿ ಪಿನಿಯನ್ ಕ್ರೌನ್ ವೀಲಿನ ನಡುಗೆರೆಗಿಂತ ಮೇಲಿರುತ್ತದೆ. ಅದಕ್ಕೆ ಹಲ್ಲುಗಳನ್ನು ವಿರುದ್ಧ ದಿಕ್ಕಿಗೆ ಕೊರೆದ ಗೇರುಗಳೇ ಬೇಕು, ಕೆಳಪಿನಿಯನ್ನಿನವು ಹೊಂದುವುದಿಲ್ಲ. ಗೇರು ತರಿಸುವಾಗ ಅನುಪಾತವನ್ನಷ್ಟೇ ಹೇಳಿದರೆ ತಪ್ಪು ವಸ್ತು ಬರುವ ಸಾಧ್ಯತೆ ಹೆಚ್ಚು. ಬೇರಿಂಗು, ಅಂತರ ಹೊಂದಿಸುವ ತೆಳು ತಗಡುಗಳಾದ ಶಿಮ್ಮು, ಸೀಲು ಎಲ್ಲ ಹೊಸವು. ಪಿನಿಯನ್ನಿನ ಆಳ ಹೊಂದಿಸಿ, ಹಲ್ಲುಗಳಿಗೆ ಬಣ್ಣ ಬಳಿದು, ಎಲ್ಲಿ ತಾಗುತ್ತದೆಂದು ನೋಡಿ, ಮತ್ತೆ ಬಿಚ್ಚಿ ಶಿಮ್ ಬದಲಾಯಿಸಿ, ಹೀಗೆ ನಾಲ್ಕು ಸಲ ಮಾಡಿದ ಮೇಲೆ ಮೆಕ್ಯಾನಿಕ್ ಒಪ್ಪಿದರು. ಆ ತಾಳ್ಮೆಗೆ ನಾನು ಋಣಿ. ಅವಸರದಲ್ಲಿ ಕೂಡಿಸಿದ ಕ್ರೌನ್ ಪಿನಿಯನ್ ಕೊರಗುವ ಸದ್ದು ಮಾಡುತ್ತ ಬೇಗ ಸವೆದುಹೋಗುತ್ತದೆ.

ಹಿಂದಿನ ಆಕ್ಸಲ್ ಕೂಡಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಕ್ಸ್‌ಪ್ಲೋರರಿನಲ್ಲಿ ಲೀಫ್ ಸ್ಪ್ರಿಂಗು ಆಕ್ಸಲಿನ ಕೆಳಗಿರುತ್ತದೆ, ಚೆರೋಕಿಯಲ್ಲಿ ಮೇಲಿರುತ್ತದೆ. ಹಳೆಯ ಸ್ಪ್ರಿಂಗ್ ಪೀಠಗಳನ್ನು ಕತ್ತರಿಸಿ ಹೊಸವನ್ನು ವೆಲ್ಡ್ ಮಾಡಿಸಬೇಕು. ವೆಲ್ಡ್ ಮಾಡುವ ಮುನ್ನ ಪಿನಿಯನ್ನಿನ ಕೋನವನ್ನು ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟಿಗೆ ಸಮಾನಾಂತರವಾಗಿ ಹೊಂದಿಸದಿದ್ದರೆ ಮುಂದೆ ಕಂಪನ ತಪ್ಪದು. ಕೊಳವೆಗಳು ನಡುವಿನ ಎರಕದ ಭಾಗದೊಳಗೆ ಒತ್ತಿ ಕೂರಿಸಿದವು. ಅವು ತಿರುಗದಂತೆ ಸುತ್ತಲೂ ವೆಲ್ಡ್ ಮಾಡಿಸಿದೆ. ಪ್ರೊಪೆಲ್ಲರ್ ಶಾಫ್ಟಿನ ಹಿಂದುಗಡೆಯ ಜಾಯಿಂಟು ಫೋರ್ಡಿನ ದುಂಡು ಫ್ಲ್ಯಾಂಜಿಗೆ ನೇರವಾಗಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ಶಾಫ್ಟಿನ ಉದ್ದವನ್ನೂ ಹೊಸದಾಗಿ ಅಳೆಯಬೇಕು. ಹ್ಯಾಂಡ್‌ಬ್ರೇಕಿನ ಕೇಬಲುಗಳನ್ನು ಹೊಂದಿಸಲು ಒಂದು ಇಡೀ ದಿನ ಹಿಡಿಯಿತು. ಆಕ್ಸಲನ್ನು ಬೋಲ್ಟ್ ಬಿಗಿದು ಓಡಿಸಬಹುದೆಂದು ಮಾರುವವರು ಹೇಳಿದರೆ ನಂಬಬೇಡಿ. ಒಳಗಿನ ಹಳೆಯ ಗೇರುಗಳ ಬ್ಯಾಕ್‌ಲಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ, ಅಳೆಸಿದಾಗ 0.28 ಮಿಲಿಮೀಟರ್ ಬಂತು. ಈ ಆಕ್ಸಲಿಗೆ ಒಪ್ಪುವ 0.20ರಿಂದ 0.38ರ ಮಿತಿಯೊಳಗೇ ಇದ್ದುದರಿಂದ ಅವನ್ನು ಮುಟ್ಟಲಿಲ್ಲ.

ಎಲ್ಲ ಕೂಡಿಸಿದ ಮೇಲೆ, ಎಂಜಿನ್ ಚಾಲೂ ಮಾಡುವ ಮೊದಲು ನಾವು ಮಾಡಿದ ಒಂದು ಪರೀಕ್ಷೆಯನ್ನು ಪ್ರತಿಯೊಬ್ಬರೂ ಮಾಡಲೇಬೇಕೆಂಬುದು ನನ್ನ ಒತ್ತಾಯ. ಟ್ರಾನ್ಸ್‌ಫರ್ ಕೇಸನ್ನು ಎರಡು ಚಕ್ರ ಚಾಲನೆಯಲ್ಲೂ ಗೇರ್‌ಬಾಕ್ಸನ್ನು ನ್ಯೂಟ್ರಲ್‌ನಲ್ಲೂ ಇಟ್ಟು, ಎರಡೂ ಪ್ರೊಪೆಲ್ಲರ್ ಶಾಫ್ಟುಗಳ ಮೇಲೂ ಒಂದೊಂದು ಚಕ್ರದ ಮೇಲೂ ಸುಣ್ಣದ ಗೆರೆ ಎಳೆದು, ಸಮತಟ್ಟಾದ ನೆಲದಲ್ಲಿ ಮೂವರು ಸೇರಿ ವಾಹನವನ್ನು ನೇರವಾಗಿ ತಳ್ಳಿದೆವು. ಚಕ್ರ ಹತ್ತು ಸುತ್ತು ಉರುಳುವಷ್ಟರಲ್ಲಿ ಮುಂದಿನ ಶಾಫ್ಟು ಮೂವತ್ತೇಳೂಕಾಲು ಸುತ್ತು, ಹಿಂದಿನದೂ ಮೂವತ್ತೇಳೂಕಾಲು ಸುತ್ತು. ಈ ಪರೀಕ್ಷೆಯಲ್ಲಿ ಗೇರು, ಟೈರು, ಎಣಿಕೆ ಎಲ್ಲದರ ಸರಿತಪ್ಪು ಒಟ್ಟಿಗೇ ಗೊತ್ತಾಗುತ್ತದೆ. ಮುಚ್ಚಳ ತೆರೆದು ನೋಡಲಾಗದ ಹಳೆಯ ವಾಹನವನ್ನು ಕೊಳ್ಳುವಾಗಲೂ ಇದನ್ನು ಮಾಡಿ ನೋಡಬಹುದು.

ಹೊಸ ಗೇರುಗಳಿಗೆ ಮೊದಲ ಓಟ ಮೃದುವಾಗಿರಬೇಕು. ಇಪ್ಪತ್ತೈದು ಕಿಲೋಮೀಟರ್ ನಿಧಾನವಾಗಿ ಓಡಿಸಿ ಪೂರ್ತಿ ತಣಿಯಲು ಬಿಟ್ಟೆ. 800 ಕಿಲೋಮೀಟರಿಗೆ ಎಣ್ಣೆ ಬದಲಾಯಿಸಿದಾಗ ಅದರಲ್ಲಿ ಬೂದುಬಣ್ಣದ ನುಣುಪು ಪುಡಿ ಇತ್ತು, ಚೂರುಗಳಿರಲಿಲ್ಲ. ಲಿಮಿಟೆಡ್ ಸ್ಲಿಪ್ ಇರುವ ಆಕ್ಸಲ್ ಕೊಂಡವರು ಎಣ್ಣೆಯ ಜೊತೆ ಅದರ ಕ್ಲಚ್ಚುಗಳಿಗೆ ಬೇಕಾದ ಫ್ರಿಕ್ಷನ್ ಮಾಡಿಫೈಯರನ್ನು ಸೇರಿಸಲು ಮರೆಯಬಾರದು. ನನ್ನದು ಸಾಮಾನ್ಯ ಡಿಫರೆನ್ಷಿಯಲ್ ಆದ್ದರಿಂದ ಅದು ಬೇಕಾಗಲಿಲ್ಲ.

ಬಳಕೆಯಲ್ಲಿ ಬ್ರೇಕಿನ ಸುಧಾರಣೆ ಎಲ್ಲಕ್ಕಿಂತ ಮೊದಲು ಗಮನಕ್ಕೆ ಬಂದದ್ದು. ನೀರು ದಾಟಿದ ಮೇಲೆ ಡ್ರಮ್ಮುಗಳು ಒಣಗುವವರೆಗೆ ಕಾಯಬೇಕಿದ್ದ ಕಾಲ ಮುಗಿಯಿತು. ಡಿಸ್ಕು ಒಂದೆರಡು ಒತ್ತಿಗೆ ಹಿಡಿತಕ್ಕೆ ಬರುತ್ತದೆ. ಏರಿನಲ್ಲಿ ಗೇರ್‌ಬಾಕ್ಸು ಹಿಂದಿನಂತೆ ಪದೇ ಪದೇ ಕೆಳಗಿಳಿಯುವುದಿಲ್ಲ. ಕುಂದುಗಳೂ ಇವೆ. ಈ ಆಕ್ಸಲಿನಲ್ಲಿಯೂ ಶಾಫ್ಟುಗಳನ್ನು ಹಿಡಿದಿಡುವುದು ಒಳಗಿನ ಸಿ-ಕ್ಲಿಪ್ಪುಗಳೇ. ಶಾಫ್ಟು ತುಂಡಾದರೆ ಚಕ್ರ ಹೊರಗೆ ಜಾರಬಹುದಾದ ಆ ದೋಷ ಹಳೆಯದರಂತೆ ಇದರಲ್ಲೂ ಉಳಿದಿದೆ. ಶಾಫ್ಟು ದಪ್ಪವಾದಷ್ಟೂ ಆ ಸಾಧ್ಯತೆ ದೂರವಾಗುತ್ತದೆ ಎಂಬುದಷ್ಟೇ ಸಮಾಧಾನ. ಹೌಸಿಂಗು ದೊಡ್ಡದಾದ್ದರಿಂದ ಕಲ್ಲಿಗೆ ತಾಗುವ ಸಂದರ್ಭ ತುಸು ಹೆಚ್ಚಾಗಿದೆ. ಸ್ಪೀಡೊಮೀಟರ್ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 96 ತೋರಿಸುತ್ತಿತ್ತು. ಟ್ರಾನ್ಸ್‌ಫರ್ ಕೇಸಿನಲ್ಲಿರುವ ಅದರ ಪುಟ್ಟ ಗೇರನ್ನು ತೆಗೆದು ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿಸಿದ ಮೇಲೆ ಬಹುಪಾಲು ಸರಿಹೋಯಿತು.

3.55ರ ಆಕ್ಸಲ್ ಸಿಕ್ಕಿದವರಿಗೆ, ಅಥವಾ ಮುಂದಿನ ಗೇರುಗಳನ್ನೂ ಬದಲಾಯಿಸಲು ಸಿದ್ಧರಿರುವವರಿಗೆ ಈ 8.8ನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಮುಂದಿನದನ್ನು ಆಮೇಲೆ ನೋಡಿಕೊಳ್ಳೋಣ ಎನ್ನುವವರು, ಆ ಆಮೇಲೆ ಬರುವವರೆಗೆ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿಟ್ಟು ಎರಡು ಚಕ್ರದಲ್ಲೇ ಓಡಿಸಬೇಕು. ಹೋದ ತಿಂಗಳು ಅರ್ಧ ದಿನ ಮರಳಿನಲ್ಲಿ ನಾಲ್ಕೂ ಚಕ್ರದಿಂದ ಓಡಿಸಿ ಗಟ್ಟಿ ದಾರಿಗೆ ಹತ್ತಿದಾಗ ಲಿವರಿಗೆ ಕೈ ಹಾಕಿದೆ. ಎರಡು ಬೆರಳಿನ ಒತ್ತಿಗೆ ಅದು ಸದ್ದಿಲ್ಲದೆ ಎರಡು ಚಕ್ರಕ್ಕೆ ಜಾರಿತು. ಶಾಫ್ಟುಗಳಲ್ಲಿ ಹುರಿ ಉಳಿದಿದ್ದರೆ ಅದು ಹಾಗೆ ಜಾರುತ್ತಿರಲಿಲ್ಲ.